ಊರಿನ ಸೊಪ್ಪಿಗೆ ಭಾನುವಾರದ ಸಂತೆ

ಹಂಪನಕಟ್ಟೆಯ ತರಕಾರಿ ಅಂಗಡಿಗಳಲ್ಲಿ ದರಕ್ಕಿಂತ ಮೊದಲು ಬರುವ ಪ್ರಶ್ನೆ, "ಇದು ಊರಿನದ್ದಾ?" ಘಟ್ಟದಿಂದ ಲಾರಿಯಲ್ಲಿ ಇಳಿದ ಬೆಂಡೆಗಿಂತ ಊರಿನ ಬೆಂಡೆಗೆ ನಾಲ್ಕು ಕಾಸು ಹೆಚ್ಚು ಕೊಡಲು ಮಂಗಳೂರಿನವರು ಹಿಂದೆಗೆಯುವುದಿಲ್ಲ. ಆದರೆ ಊರಿನದ್ದಾದ ಮಾತ್ರಕ್ಕೆ ವಿಷ ಹೊಡೆಯದ್ದು ಎನ್ನುವಂತಿಲ್ಲ. ಆ ಖಾತ್ರಿಯೂ ಬೇಕೆನ್ನುವವರು ಭಾನುವಾರ ಬೆಳಗ್ಗೆ ಚೀಲ ಹಿಡಿದು ಪಂಜೆ ಮಂಗೇಶ ರಾವ್ ರಸ್ತೆಗೆ ಹೋಗುತ್ತಾರೆ. ಸಾವಯವ ಕೃಷಿಕ ಗ್ರಾಹಕ ಬಳಗದ ಸಂತೆ ಇರುವುದು ಅಲ್ಲಿ.

ಹರಿವೆ, ಬಸಳೆ, ಅಲಸಂಡೆ, ತೊಂಡೆಕಾಯಿ, ಕುಚ್ಚಲಕ್ಕಿ: ಕರಾವಳಿಯ ಅಡುಗೆಮನೆಗೆ ಬೇಕಾದ್ದೇ ಇಲ್ಲಿನ ಸರಕು. ಬೆಳೆದವರನ್ನೇ ನೇರ ಕೇಳಬಹುದು. ಹುಳ ಬಿದ್ದಾಗ ಏನು ಮಾಡಿದಿರಿ, ಗೊಬ್ಬರ ಯಾವುದು ಎಂದು ವಿಚಾರಿಸಿಕೊಂಡೇ ಸೊಪ್ಪಿನ ಕಟ್ಟು ಎತ್ತಿಕೊಳ್ಳಬಹುದು.

ಈ ಜಿಲ್ಲೆಗೆ ಅಂಥ ವಿಚಾರಣೆ ಹೊಸದೇನಲ್ಲ. ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯವರು ಮರೆತಿಲ್ಲ. ಮರೆಯಲು ಸಾಧ್ಯವೂ ಇಲ್ಲ. ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ಸಾಕಿದ ತಾಯಂದಿರು ಅಲ್ಲಿದ್ದಾರೆ. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ನಿಗಮ ಸರಕಾರದ್ದೇ ಆಗಿತ್ತು. ಆದ್ದರಿಂದ ಇಲ್ಲಿ ಸಾವಯವಕ್ಕೆ ಸರಕಾರ ಕೊಡುವ ನೆರವನ್ನು ಋಣ ಎಂದೇ ನಾನು ಭಾವಿಸುತ್ತೇನೆ.

ನೆರವು ಬಂದಿಲ್ಲವೆಂದಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಸಾವಯವ ಕೃಷಿಕರ ಪ್ರಾಂತೀಯ ಒಕ್ಕೂಟಗಳೂ ಆದವು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ ಶುರುವಾದದ್ದು 2015ರಲ್ಲಿ. ಈಗಿನ ಲೆಕ್ಕದಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಅದರಲ್ಲಿ 15,000 ಗೊಬ್ಬರ ಇತ್ಯಾದಿಗೆಂದು ರೈತರ ಖಾತೆಗೆ ಬರುತ್ತದೆ. ಮಾರಾಟ, ಪ್ಯಾಕಿಂಗ್, ಬ್ರ್ಯಾಂಡಿಂಗ್ ಎಲ್ಲ ಸೇರಿ 4,500. ಹಣದ ಓಟ ಗದ್ದೆಯ ಅಂಚಿಗೇ ಮುಗಿಯುತ್ತದೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಸಣ್ಣ ಹಿಡುವಳಿಗೆ ಒಗ್ಗುವ ದಾರಿಯೊಂದಿದೆ. ಪಿಜಿಎಸ್ ಎಂಬ ಸಹಭಾಗಿತ್ವದ ಖಾತ್ರಿ ವ್ಯವಸ್ಥೆಯಲ್ಲಿ ಅಕ್ಕಪಕ್ಕದ ಕನಿಷ್ಠ ಐದು ಮಂದಿ ರೈತರು ಗುಂಪು ಕಟ್ಟಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ಒಬ್ಬ ತಪ್ಪಿದರೆ ಹೆಸರು ಕೆಡುವುದು ಗುಂಪಿನದ್ದು. ನೆರೆಮನೆಯವನ ಕಣ್ಣು ತಪ್ಪಿಸಿ ಕಳೆನಾಶಕ ಹೊಡೆಯುವುದು ಹಳ್ಳಿಯಲ್ಲಿ ಸುಲಭವಲ್ಲ! ರಫ್ತಿನ ಮಾನದಂಡದ ದುಬಾರಿ ಪ್ರಮಾಣೀಕರಣಕ್ಕಿಂತ ಅರ್ಧ ಎಕರೆ ಅಲಸಂಡೆಗೆ ಇದೇ ಸರಿ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮವೂ ಪ್ರಮಾಣೀಕರಣದಿಂದ ವಿನಾಯಿತಿ ಕೊಟ್ಟಿದೆ.

ಇಷ್ಟಾದರೂ ಉಳಿದ ಆರು ದಿನ ಹರಿವೆ ಕೊಯ್ದವರು ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಸೊಪ್ಪು ಸಂಜೆಯ ತನಕ ನಿಲ್ಲದು. ಸಗಟು ಮಂಡಿಗೆ ಹಾಕಿದರೆ ಘಟ್ಟದ ಸರಕಿನ ರಾಶಿಯಲ್ಲಿ ಬೆರೆತು ಅದೇ ದರಕ್ಕೆ ಹೋಗುತ್ತದೆ. ಹಂಪನಕಟ್ಟೆಯ ಹಳೆಯ ಸೆಂಟ್ರಲ್ ಮಾರ್ಕೆಟಿನ ಜಾಗಕ್ಕೆ ಹೊಸ ಕಟ್ಟಡದ ಯೋಜನೆ ಬಂದಿದೆ. ಅದರಲ್ಲಿ ಪಿಜಿಎಸ್ ಗುಂಪುಗಳಿಗೆಂದು ನೆಲಮಹಡಿಯಲ್ಲೇ ಒಂದು ಸಾಲು, ಪಕ್ಕದಲ್ಲೊಂದು ಶೀತಲ ಕೋಣೆ ಇಡಲಿ. ಬಾಡಿಗೆಯನ್ನು ಮೊದಲ ಮೂರು ವರ್ಷ ಕೃಷಿ ಇಲಾಖೆಯೇ ಭರಿಸಲಿ.