ಬಾಡಿಗೆ ಮನೆಗೂ ಒಗ್ಗುವ ಹೂಬಳ್ಳಿಗಳು

ಬೋಗನ್‌ವಿಲ್ಲಾ ಗೇಟಿನ ಮೇಲೆ ಕಮಾನಾಗಲು ವರ್ಷಗಳೇ ಬೇಕು. ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದವರಿಗೆ ಅಷ್ಟು ವ್ಯವಧಾನವೆಲ್ಲಿ? ಬಳ್ಳಿ ಹೂ ಬಿಡುವ ಹೊತ್ತಿಗೆ ಅವರ ಸಾಮಾನು ಲಾರಿ ಏರಿರುತ್ತದೆ. ಇಂಥವರಿಗೆ ಹೇಳಿ ಮಾಡಿಸಿದವು ಒಂದೇ ಹಂಗಾಮಿನಲ್ಲಿ ಹುಟ್ಟಿ, ಹಬ್ಬಿ, ಹೂ ಬಿಟ್ಟು, ಬೀಜ ಕೊಟ್ಟು ಒಣಗುವ ಕಾಮಲತೆ, ಮಾರ್ನಿಂಗ್ ಗ್ಲೋರಿ, ಸ್ವೀಟ್ ಪೀ ಬಳ್ಳಿಗಳು. ಬೇಕಾದ ಬಂಡವಾಳ ಒಂದು ಪೊಟ್ಟಣ ಬೀಜ, ಒಂದು ಉಂಡೆ ಸೆಣಬಿನ ಹುರಿ.

ಆದರೆ ಬಿತ್ತಿದವರಲ್ಲಿ ಅನೇಕರ ದೂರು ಒಂದೇ: ಬೀಜ ಮೊಳೆಯಲೇ ಇಲ್ಲ. ಅಂಗಡಿಯವನನ್ನು ಬೈಯುವ ಮುನ್ನ ಬೀಜವನ್ನೊಮ್ಮೆ ಉಗುರಿನಿಂದ ಒತ್ತಿ ನೋಡಬೇಕು. ಸಿಪ್ಪೆ ಕಲ್ಲಿನಂತಿರುತ್ತದೆ. ಅದರೊಳಗೆ ನೀರು ಇಳಿಯದೆ ಮೊಳಕೆ ಏಳದು. ಬೀಜದ ಕಣ್ಣನ್ನು ಬಿಟ್ಟು ಇನ್ನೊಂದು ಬದಿಯನ್ನು ಸ್ಯಾಂಡ್ ಪೇಪರಿನ ಮೇಲೆ ನಾಲ್ಕಾರು ಬಾರಿ ಉಜ್ಜಿ, ಒಳಗಿನ ತಿಳಿಬಣ್ಣ ಕಾಣುತ್ತಲೇ ನಿಲ್ಲಿಸಿ, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಉಬ್ಬಿದವು ಬಿತ್ತನೆಗೆ ಸಿದ್ಧ. ಉಬ್ಬದವನ್ನು ಮತ್ತೆ ಉಜ್ಜಬೇಕು. ಕಾಮಲತೆಯ ಸಣ್ಣ ಬೀಜಕ್ಕೆ ಬರೀ ನೆನೆಸಿದರೂ ನಡೆದೀತು. ಅರ್ಧ ಅಂಗುಲ ಆಳ ಸಾಕು.

ಇವು ಬೇರು ಕದಲಿಸಿದರೆ ಮುನಿಯುವ ಜಾತಿ. ಆದ್ದರಿಂದ ಹಬ್ಬಬೇಕಾದ ಕಡೆಯಲ್ಲೇ ಬಿತ್ತುವುದು ಮೇಲು. ಜಾಗ ಇನ್ನೂ ಸಿದ್ಧವಿಲ್ಲದಿದ್ದರೆ ತಳಕ್ಕೆ ತೂತು ಮಾಡಿದ ಹಾಲಿನ ಪ್ಯಾಕೆಟ್ ಉಂಟಲ್ಲ! ಮಣ್ಣಿನ ಹೆಂಟೆ ಒಡೆಯದಂತೆ ಪ್ಯಾಕೆಟ್ ಸೀಳಿ ನೆಟ್ಟರಾಯಿತು.

ಕಾಮಲತೆ, ಮಾರ್ನಿಂಗ್ ಗ್ಲೋರಿಗಳಿಗೆ ಮುಂಗಾರಿನ ಮೊದಲ ಮಳೆಗಳು ಒಳ್ಳೆಯ ಕಾಲ. ಹಗಲು ಕುಗ್ಗಿ ರಾತ್ರಿ ಹಿಗ್ಗಿದಂತೆ ಹೂವಿನ ಉತ್ಸಾಹವೂ ಹೆಚ್ಚುತ್ತದೆ. ಜೂನ್‌ನಲ್ಲಿ ಬಿತ್ತಿದವರ ಕಿಟಕಿಯ ಸರಳುಗಳಿಗೆ ಗೌರಿ ಹಬ್ಬದ ವೇಳೆಗೆ ಕೆಂಪು ನಕ್ಷತ್ರಗಳು ಅಂಟಿರುತ್ತವೆ. ಸ್ವೀಟ್ ಪೀಗೆ ಚಳಿ ಬೇಕು. ಬೆಂಗಳೂರು, ಮೈಸೂರು, ಮಡಿಕೇರಿಯಂಥ ಕಡೆ ಅಕ್ಟೋಬರಿನಲ್ಲಿ ಬಿತ್ತಬಹುದು. ಕರಾವಳಿಯ ಸೆಕೆಗೆ ಅದು ಒಗ್ಗದು.

ಆಸರೆಯಲ್ಲೂ ಭೇದವಿದೆ. ಮಾರ್ನಿಂಗ್ ಗ್ಲೋರಿ, ಕಾಮಲತೆಗಳು ಕಾಂಡವನ್ನೇ ಸುತ್ತಿಕೊಂಡು ಏರುತ್ತವೆ, ನೇರ ಹುರಿ ಸಾಕು. ಸ್ವೀಟ್ ಪೀ ಏರುವುದು ಎಳೆಯ ಕುಡಿಬಳ್ಳಿಗಳಿಂದ. ದಪ್ಪ ಕಂಬ ಅದರ ಹಿಡಿತಕ್ಕೆ ಸಿಗದು, ಬಲೆಯೋ ಸಣ್ಣ ಕಡ್ಡಿಗಳೋ ಬೇಕು. ಇನ್ನು ಗೊಬ್ಬರ. ಹಳೆಯ ಕೊಟ್ಟಿಗೆ ಗೊಬ್ಬರ ಒಂದೆರಡು ಬೊಗಸೆ ಹಾಕಿದರೆ ಮುಗಿಯಿತು. ಯೂರಿಯಾ ಸುರಿದವರಿಗೆ ಸಿಗುವುದು ಸೊಪ್ಪಿನ ಚಪ್ಪರ.

ಮಾರ್ನಿಂಗ್ ಗ್ಲೋರಿಯಲ್ಲಿ 'ಹೆವೆನ್ಲಿ ಬ್ಲೂ' ತಳಿಯದೊಂದು ಸೋಜಿಗ. ನೇರಳೆಗೆಂಪು ಮೊಗ್ಗು ಅರಳಿದಾಗ ಆಕಾಶನೀಲಿ! ಬಣ್ಣದ ದ್ರವ್ಯ ಬದಲಾಗಿರುವುದಿಲ್ಲ, ದಳದ ಕೋಶಗಳ ರಸ ಬದಲಾಗಿರುತ್ತದೆ. ಅದರ ಪಿಎಚ್ ಸುಮಾರು 6.6ರಿಂದ 7.7ಕ್ಕೆ ಏರುವುದನ್ನು ಜಪಾನಿನ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಈ ಚೆಲುವು ಕಾಣಬೇಕಾದರೆ ಬೇಗ ಏಳಬೇಕು. ಬಿಸಿಲೇರಿದರೆ ಹೂ ಮುದುಡುತ್ತದೆ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಒಂದು ಎಚ್ಚರ ಅಗತ್ಯ. ಸ್ವೀಟ್ ಪೀ ಕಾಯಿ ಬಟಾಣಿಯನ್ನೇ ಹೋಲುತ್ತದೆ, ಆದರೆ ಅದರ ಬೀಜ ವಿಷ. ಮಾರ್ನಿಂಗ್ ಗ್ಲೋರಿ ಬೀಜದಲ್ಲಿ ಮತಿಭ್ರಮೆ ತರುವ ಅಂಶವಿದೆ. ಅಂಗಡಿಯ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುವುದೂ ಉಂಟು. ನೆನೆಹಾಕುವ ಬಟ್ಟಲು ಅಡುಗೆಮನೆಯದಾಗಬಾರದು.

ಮನೆ ಬದಲಾದರೂ ಬಳ್ಳಿ ಜೊತೆಗೆ ಬರುತ್ತದೆ, ಬೀಜದ ರೂಪದಲ್ಲಿ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು, ನೆರಳಿನಲ್ಲಿ ಒಣಗಿಸಿ, ಕಾಗದದ ಕವರಿನ ಮೇಲೆ ಹೆಸರು, ಇಸವಿ ಬರೆದಿಡಬೇಕು. ಸ್ವೀಟ್ ಪೀ ಕಾಯನ್ನು ಬೆಳಿಗ್ಗೆಯೇ ಬಿಡಿಸುವುದು ಜಾಣತನ. ಮಧ್ಯಾಹ್ನದ ಬಿಸಿಲಿಗೆ ಅದು ಚಟಕ್ಕನೆ ಸಿಡಿದು ಬೀಜವನ್ನೆಲ್ಲ ಪಕ್ಕದ ಮನೆಗೆ ದಾನ ಮಾಡಿಬಿಡುತ್ತದೆ.