ನೌಕೆಯ ರೇಡಾರೂ ಅದರ ತಂತ್ರಜ್ಞನೂ

ಕಿವಿ ಮಂದವಾಗುತ್ತಿರುವವನಿಗೆ ಆ ಸಂಗತಿ ತಾನಾಗಿ ತಿಳಿಯುವುದಿಲ್ಲ. ಮನೆಯವರೆಲ್ಲ ಮೆಲ್ಲನೆ ಮಾತನಾಡತೊಡಗಿದ್ದಾರೆಂದೇ ಅವನು ಭಾವಿಸುತ್ತಾನೆ. ಯುದ್ಧನೌಕೆಯ ರೇಡಾರಿಗೂ ಇಂಥದೇ ದೋಷ ತಗಲುವುದುಂಟು. ಪೂರ್ತಿ ಕೆಟ್ಟುನಿಂತ ರೇಡಾರನ್ನು ಯಾರಾದರೂ ಗುರುತಿಸಬಲ್ಲರು. ಅರೆಕಿವುಡಾದ ರೇಡಾರಾದರೋ ಎಂದಿನಂತೆ ನಡೆಯುತ್ತಿರುತ್ತದೆ, ಪರದೆ ಎಂದಿನಂತೆ ಬೆಳಗುತ್ತಿರುತ್ತದೆ. ದೂರದ ವಿಮಾನ ಮಾತ್ರ ಅದರಲ್ಲಿ ಮೂಡುವುದಿಲ್ಲ. ಆಕಾಶ ಬರಿದಾಗಿದೆಯೆಂದು ನಾವಿಕರು ನಂಬುತ್ತಾರೆ. ಈ ಮೋಸವನ್ನು ಕಂಡುಹಿಡಿಯುವ ಹೊಣೆ ನೌಕೆಯ ಎಲೆಕ್ಟ್ರಾನಿಕ್ಸ್ ತಂತ್ರಜ್ಞನದು.

ಅವನ ಕೆಲಸವನ್ನು ಅರಿಯಲು ರೇಡಾರಿನ ತತ್ತ್ವವನ್ನು ನೆನೆಯಬೇಕು. ಪ್ರೇಷಕವು ರೇಡಿಯೊ ತರಂಗಗಳ ಕಿರಿದಾದ ಸ್ಪಂದವೊಂದನ್ನು ಹೊರಡಿಸುತ್ತದೆ. ಅದು ವಿಮಾನಕ್ಕೆ ತಾಗಿ, ಅಲ್ಪಾಂಶವು ಪ್ರತಿಧ್ವನಿಯಂತೆ ಹಿಂದಿರುಗುತ್ತದೆ. ತರಂಗವು ಮೈಕ್ರೊಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ, 300 ಮೀಟರ್ ಸಾಗುತ್ತದೆ. ಹೋಗಿಬರುವ ದಾರಿಯೆರಡೂ ಸೇರುವುದರಿಂದ, 200 ಮೈಕ್ರೊಸೆಕೆಂಡುಗಳ ಬಳಿಕ ಬಂದ ಪ್ರತಿಧ್ವನಿಯು 30 ಕಿಲೋಮೀಟರ್ ದೂರವನ್ನು ಸೂಚಿಸುತ್ತದೆ.

ಆದರೆ ಈ ಪ್ರತಿಧ್ವನಿ ಎಷ್ಟು ಕ್ಷೀಣವಾದುದು! ಹೋಗುವಾಗ ತರಂಗದ ತೀವ್ರತೆ ದೂರದ ವರ್ಗಕ್ಕನುಗುಣವಾಗಿ ಕುಗ್ಗುತ್ತದೆ. ಬರುವಾಗ ಮತ್ತೊಮ್ಮೆ ಹಾಗೆಯೇ ಕುಗ್ಗುತ್ತದೆ. ಆದುದರಿಂದ ಒಟ್ಟು ಕುಗ್ಗುವಿಕೆ ದೂರದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ದೂರ ಇಮ್ಮಡಿಯಾದರೆ ಪ್ರತಿಧ್ವನಿ ಹದಿನಾರರಲ್ಲೊಂದು ಪಾಲಾಗುತ್ತದೆ. ಸಾವಿರಾರು ವ್ಯಾಟ್‌ಗಳ ಸ್ಪಂದಕ್ಕೆ ಉತ್ತರವಾಗಿ ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಶಕ್ತಿ ಹಿಂದಿರುಗುವುದುಂಟು.

ಸಮುದ್ರದ ಉಪ್ಪುಗಾಳಿ ಹಾನಿ ಮಾಡುವುದು ಇಲ್ಲಿಯೇ. ಅನೇಕ ರೇಡಾರುಗಳಲ್ಲಿ ಪ್ರೇಷಕದಿಂದ ಕೂವೆಮರದ ತುದಿಯಲ್ಲಿರುವ ಆಂಟೆನಾಕ್ಕೆ ಆಯತಾಕಾರದ ಬಾಯಿಯ ಟೊಳ್ಳಾದ ಲೋಹದ ಕೊಳವೆಯೊಂದು ತರಂಗಗಳನ್ನು ಒಯ್ಯುತ್ತದೆ. ಅದರ ಬೆಸುಗೆಯೊಂದು ಸಡಿಲಿ ತೇವ ಒಳಹೊಕ್ಕಿತೆನ್ನೋಣ. ಅರ್ಧ ಶಕ್ತಿ ದಾರಿಯಲ್ಲೇ ಹೀರಿಹೋಯಿತೆನ್ನೋಣ. ಪ್ರತಿಧ್ವನಿಯೂ ಅದೇ ಕೊಳವೆಯಲ್ಲಿ ಇಳಿದುಬರಬೇಕಾದುದರಿಂದ ನಷ್ಟ ಎರಡು ಸಲ. ಉಳಿಯುವುದು ಕಾಲು ಭಾಗ. ನಾಲ್ಕನೆಯ ಘಾತದ ನಿಯಮದಂತೆ, 40 ಕಿಲೋಮೀಟರ್ ದೂರದಲ್ಲಿ ಕಾಣಬೇಕಾಗಿದ್ದ ವಿಮಾನ ಈಗ ಸುಮಾರು 28 ಕಿಲೋಮೀಟರಿಗೆ ಬಂದಾಗಲೇ ಕಾಣುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದ ವಿಮಾನವಾದರೆ, 160 ಸೆಕೆಂಡುಗಳ ಎಚ್ಚರಿಕೆ 112 ಸೆಕೆಂಡುಗಳಿಗೆ ಇಳಿಯುತ್ತದೆ. ನೌಕೆಯ ಜನರೆಲ್ಲ ತಮ್ಮ ತಮ್ಮ ಸ್ಥಾನಗಳಿಗೆ ಧಾವಿಸಬೇಕಾದಾಗ ಕಳೆದುಹೋದ ಆ 48 ಸೆಕೆಂಡುಗಳ ಬೆಲೆಯೇನೆಂಬುದನ್ನು ವಾಚಕರೇ ಊಹಿಸಬಹುದು.

ಇದಕ್ಕಾಗಿಯೇ ತಂತ್ರಜ್ಞನು ಕಣ್ಣನ್ನು ನಂಬದೆ ಅಳತೆಯನ್ನು ನಂಬುತ್ತಾನೆ. ಶಕ್ತಿಯ ಪ್ರಮಾಣ ಗೊತ್ತಿರುವ ಕೃತಕ ಸಂಕೇತವೊಂದನ್ನು ಗ್ರಾಹಕಕ್ಕೆ ಊಡಿ, ಅದು ಗದ್ದಲದಲ್ಲಿ ಮುಳುಗಿ ಕಾಣದಾಗುವವರೆಗೂ ಹಂತಹಂತವಾಗಿ ಕುಗ್ಗಿಸುತ್ತಾನೆ. ಗುರುತಿಸಬಲ್ಲ ಅತಿ ಕ್ಷೀಣ ಸಂಕೇತ ಎಷ್ಟೆಂಬುದನ್ನೂ ಹೊರಹೋಗುವ ಶಕ್ತಿ ಎಷ್ಟೆಂಬುದನ್ನೂ ಬರೆದಿಟ್ಟು ಹಿಂದಿನ ಅಂಕಿಗಳೊಡನೆ ಹೋಲಿಸುತ್ತಾನೆ. ಇಂದಿನ ಉಪಕರಣಗಳು ಬಹುಮಟ್ಟಿಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ನಿಜ. ಆದರೂ ಅವು ಕೊಡುವ ವರದಿಯ ಅರ್ಥವನ್ನು ತಿಳಿದು ದೋಷದ ಮೂಲವನ್ನು ಹುಡುಕಲು ಮನುಷ್ಯನೇ ಬೇಕು.

ಈ ವೃತ್ತಿಯಲ್ಲಿ ಅಪಾಯವೂ ಇದೆ. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣಾಂತಿಕವಾದ ಆವೇಶ ಉಳಿದಿರಬಹುದು. ಆದ್ದರಿಂದ ಮೊದಲು ಭೂಸಂಪರ್ಕದ ಕೋಲಿನಿಂದ ಅವನ್ನು ಬರಿದುಮಾಡಿ, ಆಮೇಲೆ ಕೈಹಾಕಬೇಕು. ಕೂವೆಮರವನ್ನು ಹತ್ತುವ ಮುನ್ನ ರೇಡಾರನ್ನು ನಿಲ್ಲಿಸಿ, ಯಾರೂ ಅದನ್ನು ಚಾಲೂ ಮಾಡದಂತೆ ಸ್ವಿಚ್ಚಿಗೆ ಎಚ್ಚರಿಕೆಯ ಚೀಟಿಯನ್ನು ಕಟ್ಟಬೇಕು. ಸಮುದ್ರದ ನಡುವೆ ಕಾರ್ಖಾನೆಯ ನೆರವು ದೊರೆಯದು. ಕೈಲಿರುವ ನಕ್ಷೆ, ಬಿಡಿಭಾಗ, ಬುದ್ಧಿ ಇವುಗಳಿಂದಲೇ ಕೆಲಸ ಸಾಗಬೇಕು.

ಭಾರತೀಯ ನೌಕಾಪಡೆಯಲ್ಲಿ ಈ ವಿದ್ಯೆಯ ಮುಖ್ಯ ಗುರುಕುಲ ಗುಜರಾತಿನ ಜಾಮ್‌ನಗರದಲ್ಲಿರುವ ಐ.ಎನ್.ಎಸ್. ವಾಲ್ಸುರಾ. 1942ರಲ್ಲಿ ಟಾರ್ಪಿಡೊ ಶಿಕ್ಷಣಶಾಲೆಯಾಗಿ ಆರಂಭವಾದ ಇದು ಈಗ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ವಿಷಯಗಳನ್ನು ಕಲಿಸುತ್ತದೆ. ನೌಕಾಪಡೆಗೆ ರೇಡಾರುಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಸ್ಥಾಪಿತವಾದುದು ನಮ್ಮ ಬೆಂಗಳೂರಿನಲ್ಲಿಯೇ.

ಮೇಲಿನ ಲೆಕ್ಕದಲ್ಲಿ ವರ್ಗ ಮತ್ತು ವರ್ಗಮೂಲಗಳಿಗಿಂತ ಹೆಚ್ಚಿನ ಗಣಿತವೇನೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಪ್ರಯೋಗಶಾಲೆಯಲ್ಲಿ ಅಂಕಿಗಳನ್ನು ಪ್ರಾಮಾಣಿಕವಾಗಿ ಬರೆದಿಡುವ ಅಭ್ಯಾಸ ಬೇಸರದ್ದೆಂದು ತೋರುವವರು, ನಡುಗಡಲಿನಲ್ಲಿ ನೂರಾರು ಜನರ ಸುರಕ್ಷತೆ ಅಂಥದೊಂದು ಪುಸ್ತಕದ ಪುಟವನ್ನೇ ಅವಲಂಬಿಸಿರಬಹುದೆಂಬುದನ್ನು ನೆನೆಯಲಿ.