ಅಗ್ಗಿಷ್ಟಿಕೆಯ ಮರದ ಗಿಟಾರು

ಪ್ರಾಯಕ್ಕೆ ಬರುತ್ತಿರುವ ಮಕ್ಕಳು ಈಗ ತಂದೆತಾಯಿಗಳ ಮುಂದಿಡುವ ಕೋರಿಕೆಗಳಲ್ಲಿ ವಿದ್ಯುತ್ ಗಿಟಾರೂ ಒಂದಾಗಿದೆ. ಸಿದ್ಧವಾಗಿ ದೊರೆಯುವ ವಾದ್ಯವನ್ನು ಅಂಗಡಿಯಲ್ಲಿ ಕೊಳ್ಳಬೇಕೆ, ಅಥವಾ ಬಲ್ಲ ಕುಶಲಿಗೆ ಹೇಳಿ ಕೈಯಿಂದ ಮಾಡಿಸಬೇಕೆ ಎಂಬ ಪ್ರಶ್ನೆಯು ಆಗ ಏಳುವುದು. ಇದನ್ನು ವಿಚಾರ ಮಾಡುವ ಗೃಹಸ್ಥರು, ಆಂಗ್ಲದೇಶದಲ್ಲಿ ಒಬ್ಬ ತಂದೆಯೂ ಮಗನೂ ಕೂಡಿ ಮನೆಯಲ್ಲಿಯೇ ನಿರ್ಮಿಸಿದ ಒಂದು ಗಿಟಾರಿನ ವೃತ್ತಾಂತವನ್ನು ಅರಿತುಕೊಳ್ಳುವುದು ಲೇಸು.

ವಾದ್ಯದ ತತ್ತ್ವವನ್ನು ಮೊದಲು ಹೇಳಬೇಕು. ನಮ್ಮ ವೀಣೆಯಲ್ಲಿ ತಂತಿಯ ಕಂಪನವನ್ನು ಕೊಡವು ಹಿಗ್ಗಿಸಿ ಕಿವಿಗೆ ಮುಟ್ಟಿಸುವುದು. ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದನ್ನು ಬಳಸಿ ಸುತ್ತಿದ ನವುರಾದ ತಾಮ್ರದ ಸುರುಳಿಯೂ ಇರುವುವು. ಇದಕ್ಕೆ ಪಿಕಪ್ ಎಂದು ಹೆಸರು. ತಂತಿಯು ಮಿಡಿದಾಗ ಅಯಸ್ಕಾಂತಕ್ಷೇತ್ರವು ಕದಲಿ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು; ಧ್ವನಿವರ್ಧಕವು ಅದನ್ನು ಬೆಳೆಯಿಸಿ ನಾದವನ್ನಾಗಿ ಮಾಡುವುದು. ಆದುದರಿಂದ ಇಲ್ಲಿ ಬಡಗಿಯ ವಿದ್ಯೆಯೂ ವಿದ್ಯುಚ್ಛಾಸ್ತ್ರವೂ ಜೊತೆಗೂಡಿಯೇ ನಡೆಯಬೇಕು.

ಬ್ರಯನ್ ಮೇ ಎಂಬಾತನು ೧೯೪೭ರಲ್ಲಿ ಲಂಡನ್ನಿನ ಬಳಿಯ ಹ್ಯಾಂಪ್ಟನ್ ಪ್ರಾಂತದಲ್ಲಿ ಹುಟ್ಟಿದನು. ಅಮೆರಿಕದ ಫೆಂಡರ್, ಗಿಬ್ಸನ್ ಗಿಟಾರುಗಳ ಮೇಲೆ ಅವನಿಗೆ ಆಸೆ. ಕೊಳ್ಳುವಷ್ಟು ಹಣವು ಮನೆಯಲ್ಲಿರಲಿಲ್ಲ. ತಂದೆ ಹೆರಾಲ್ಡ್ ಮೇ ಅವರು ವಿಮಾನಯಾನದ ಸಚಿವಾಲಯದಲ್ಲಿ ನಕ್ಷೆಗಾರರು. ವಿದ್ಯುದುಪಕರಣಗಳಲ್ಲಿ ಪಳಗಿದ ಕೈಯವರು. ೧೯೬೩ರ ಆಗಸ್ಟಿನಲ್ಲಿ, ಮಗನಿಗೆ ೧೬ ವರ್ಷ ತುಂಬಿದ್ದಾಗ, ಇಬ್ಬರೂ ಕೆಲಸಕ್ಕೆ ತೊಡಗಿದರು. ವಾದ್ಯವು ಸಿದ್ಧವಾಗಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಅವರು ಕೂಡಿಸಿದ ಸಾಮಗ್ರಿಯನ್ನು ಕೇಳಿದರೆ ಗೃಹಿಣಿಯರಿಗೆ ನಗು ಬಂದೀತು. ಪರಿಚಿತರೊಬ್ಬರು ಎಸೆಯಲಿದ್ದ, ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಮೇಲ್ಪಟ್ಟಿಯ ಮಹಾಗನಿ ಮರವೇ ಗಿಟಾರಿನ ದಂಡಿಯಾಯಿತು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಗಳನ್ನು ತುಂಬಿ ಸಮಮಾಡಿದರು. ಒಡಲಿಗೆ ಹಳೆಯ ಮೇಜೊಂದರ ಓಕ್ ಮರವು ಒದಗಿತು. ಅದರ ಹೊರಗೆ ಮಹಾಗನಿಯ ತೆಳುಹಾಳೆಯನ್ನು ಹೊದಿಸಿದರು. ಬೆರಳಿಡುವ ಹಲಗೆಯಲ್ಲಿ ಮೆಟ್ಟಿಲುಗಳ ಗುರುತಿಗಾಗಿ ಕೂರಿಸಿದ ಬಿಳಿಯ ಬೊಟ್ಟುಗಳು ತಾಯಿಯ ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಎಲ್ಲ ತಂತಿಗಳನ್ನೂ ಒಮ್ಮೆಗೇ ಸಡಿಲಿಸಿ ಸ್ವರವನ್ನು ತೂಗಿಸುವ ಸನ್ನೆಯ ಯಂತ್ರವು ಗಡಸು ಉಕ್ಕಿನ ಚೂರಿಯ ಅಂಚಿನ ಮೇಲೆ ಓಲಾಡುವುದು. ಅದನ್ನು ಹಿಂದಕ್ಕೆ ಸೆಳೆಯುವುವು ಪ್ಯಾಂಥರ್ ಎಂಬ ಹಳೆಯ ಮೋಟಾರು ಸೈಕಲ್ಲಿನ ಎರಡು ಸುರುಳಿಗಳು. ಸನ್ನೆಯ ಹಿಡಿಯು ಬೈಸಿಕಲ್ಲಿನ ಚೀಲ ತೂಗುಹಾಕುವ ಸರಳು. ಅದರ ತುದಿಯು ತಾಯಿಯ ಹೆಣಿಗೆಯ ಕಡ್ಡಿ. ಸಾಮಗ್ರಿಗೆ ತಗುಲಿದ ವೆಚ್ಚವು ಸುಮಾರು ೮ ಪೌಂಡೆಂದು ಹೇಳುವರು.

ಸಾಮಗ್ರಿಯು ಹಳೆಯದಾದರೂ ಲೆಕ್ಕದಲ್ಲಿ ಸಡಿಲವಿರಲಿಲ್ಲ. ತಂತಿಯ ಉದ್ದ ೨೪ ಅಂಗುಲ, ಮೆಟ್ಟಿಲುಗಳು ೨೪. ಎಂದರೆ ಒಂದೊಂದು ತಂತಿಯಲ್ಲಿ ಎರಡು ಸ್ಥಾಯಿ. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ನಡುವೆ ಬೀಳದಿದ್ದರೆ ಸ್ವರಗಳೆಲ್ಲ ಅಪಶ್ರುತಿಯಾಗುವುವು. ಸನ್ನೆಯನ್ನು ಬಿಟ್ಟೊಡನೆ ತಂತಿಯು ತನ್ನ ಶ್ರುತಿಗೆ ಮರಳಬೇಕೆಂದು, ಉಜ್ಜಾಟವನ್ನು ತಗ್ಗಿಸಲು, ಕುದುರೆಯಲ್ಲಿ ಪ್ರತಿಯೊಂದು ತಂತಿಗೂ ಒಂದು ಪುಟ್ಟ ಉರುಳೆಯನ್ನಿಟ್ಟರು.

ಪಿಕಪ್ಪುಗಳನ್ನೂ ಹುಡುಗನು ಕೈಯಿಂದಲೇ ಸುತ್ತಿದನು. ನಾದವೇನೋ ಬಂದಿತು. ಆದರೆ ನಮ್ಮ ವೈಣಿಕರು ಗಮಕಕ್ಕಾಗಿ ಎಳೆಯುವಂತೆ ತಂತಿಯನ್ನು ಪಕ್ಕಕ್ಕೆ ಎಳೆದರೆ, ಅದು ಒಂದು ಅಯಸ್ಕಾಂತದ ಧ್ರುವದಿಂದ ಪಕ್ಕದ ವಿರುದ್ಧಧ್ರುವಕ್ಕೆ ಸರಿದು ಅಹಿತವಾದ ಸದ್ದೊಂದು ನಡುವೆ ನುಸುಳುತ್ತಿತ್ತು. ಆಗ ಅವರು ಬರ್ನ್ಸ್ ಕಂಪನಿಯ ಮೂರು ಪಿಕಪ್ಪುಗಳನ್ನು ಕೊಂಡುತಂದರು. ಒಂದೊಂದಕ್ಕೂ ಎರಡೆರಡು ಗುಂಡಿಗಳನ್ನಿಟ್ಟು, ಒಂದರಿಂದ ಅದನ್ನು ಸೇರಿಸುವಂತೆಯೂ ಬಿಡುವಂತೆಯೂ, ಇನ್ನೊಂದರಿಂದ ಅದರ ಅಲೆಯನ್ನು ತಿರುಗುಮುರುಗು ಮಾಡುವಂತೆಯೂ ಏರ್ಪಡಿಸಿದರು. ಇದರಿಂದ ಒಂದೇ ವಾದ್ಯದಲ್ಲಿ ಬಗೆಬಗೆಯ ನಾದಗಳು ಲಭಿಸಿದುವು. ತಮ್ಮ ಕೈಗೆಲಸದ ಅಭಿಮಾನಕ್ಕಿಂತ ನಾದವು ದೊಡ್ಡದೆಂದು ಅವರು ಎಣಿಸಿದುದು ಶ್ಲಾಘ್ಯವಾದುದು.

ಇಷ್ಟು ಅಕ್ಕರೆಯಿಂದ ಗಿಟಾರನ್ನು ಮಾಡಿಕೊಟ್ಟ ತಂದೆಗೆ, ಅದೇ ಗಿಟಾರು ಮುಂದೆ ದುಃಖಕ್ಕೆ ಕಾರಣವಾಯಿತು. ಮಗನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದವನು, ಅದನ್ನು ಅರ್ಧಕ್ಕೆ ಬಿಟ್ಟು, ೧೯೭೦ರಲ್ಲಿ ಹುಟ್ಟಿದ ಕ್ವೀನ್ ಎಂಬ ವಾದ್ಯಮೇಳವನ್ನೇ ನಂಬಿದನು. ನಮ್ಮ ದೇಶದ ಪಂಚಗಣಿಯಲ್ಲಿ ಓದಿದ ಪಾರ್ಸಿ ಮನೆತನದ ಫ್ರೆಡ್ಡಿ ಮರ್ಕ್ಯುರಿ ಆ ಮೇಳದ ಗಾಯಕ. ವಿದ್ಯೆಯು ವ್ಯರ್ಥವಾಯಿತೆಂದು ತಂದೆಯು ನೊಂದು, ತಂದೆಮಕ್ಕಳಲ್ಲಿ ಬಹುಕಾಲ ಸರಿಯಾದ ಮಾತುಕತೆಯೇ ಇರಲಿಲ್ಲ. ಬಹುಕಾಲ ಪಾಠ ಹೇಳಿ ಬದುಕಿದ ನನ್ನಂಥವನಿಗೆ ಆ ತಂದೆಯ ಸಂಕಟವು ಚೆನ್ನಾಗಿ ಅರ್ಥವಾಗುವುದು. ೧೯೭೭ರಲ್ಲಿ ಮಗನು ತಾಯಿತಂದೆಗಳನ್ನು ನ್ಯೂಯಾರ್ಕಿಗೆ ಕರೆಸಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಛೇರಿಯನ್ನು ತೋರಿಸಿದನು. ಕಿಕ್ಕಿರಿದ ಸಭೆಯಲ್ಲಿ ತಾವು ಕೆತ್ತಿದ ಮರವು ನುಡಿಯುವುದನ್ನು ಕಂಡ ಮೇಲೆ ತಂದೆಯ ಮನಸ್ಸು ತಿಳಿಯಾಯಿತು. ಬಿಟ್ಟ ವಿದ್ಯೆಯೂ ಕೈಬಿಡಲಿಲ್ಲ. ಗ್ರಹಮಂಡಲದ ಧೂಳನ್ನು ಕುರಿತ ಪ್ರಬಂಧಕ್ಕೆ ೨೦೦೭ರಲ್ಲಿ ಅವರಿಗೆ ಡಾಕ್ಟರೇಟು ದೊರೆಯಿತು.

ಇನ್ನು ನಮ್ಮ ಪ್ರಶ್ನೆ. ಹೇಳಿ ಮಾಡಿಸುವವನು ಮೊದಲು ತನಗೆ ಬೇಕಾದ ನಾದ ಯಾವುದೆಂಬುದನ್ನು ಅರಿತಿರಬೇಕು; ಅದನ್ನರಿಯದ ಹೊಸಬನಿಗೆ ಸಾಧಾರಣವಾದ ಸಿದ್ಧವಾದ್ಯವೇ ಸಾಕು. ನುಡಿಸಿ ನುಡಿಸಿ ಅದರ ಕೊರತೆಯು ಬೆರಳಿಗೆ ತಿಳಿದ ಮೇಲೆ ಕುಶಲಿಯ ಬಳಿಗೆ ಹೋಗಲಿ. ಆಗ ದಂಡಿಯು ಬಾಗದೆ ನೇರವಾಗಿದೆಯೇ, ಹನ್ನೆರಡನೆಯ ಮೆಟ್ಟಿಲಿನ ಸ್ವರವು ಬಿಡಿತಂತಿಯ ಮೇಲುಸ್ಥಾಯಿಗೆ ಸೇರುವುದೇ, ಎಳೆದು ಬಿಟ್ಟ ತಂತಿಯು ಶ್ರುತಿಗೆ ಮರಳುವುದೇ ಎಂದು ಪರೀಕ್ಷಿಸಬೇಕು. ಬಿಚ್ಚಿ ದುರಸ್ತುಮಾಡಲು ಬರುವಂತೆ ಕಟ್ಟಿದೆಯೇ ಎಂಬುದನ್ನೂ ಕೇಳಬೇಕು. ಮೇ ಅವರ ಗಿಟಾರನ್ನು ೧೯೯೮ರಲ್ಲಿ ಆಸ್ಟ್ರೇಲಿಯದ ಗ್ರೆಗ್ ಫ್ರೈಯರ್ ಎಂಬ ಕುಶಲಿಯು ಜೀರ್ಣೋದ್ಧಾರ ಮಾಡಿದನು; ೨೦೦೨ರಲ್ಲಿ ಅದು ರಾಣಿಯವರ ಬಕಿಂಗ್‌ಹ್ಯಾಮ್ ಅರಮನೆಯ ಮೇಲ್ಛಾವಣಿಯಲ್ಲಿ ನುಡಿಯಿತು. ಮನೆಯ ಅಟ್ಟದ ಮೇಲೆ ಹಳೆಯ ಹೊನ್ನೆಯ ಹಲಗೆಯಿದ್ದು, ಮಗನಿಗೆ ಅದರ ಮೇಲೆ ಕಣ್ಣು ಬಿದ್ದರೆ, ತಂದೆಯಾದವನು ಒಡನೆಯೇ ಬೇಡವೆನ್ನದಿರಲಿ.